ಅದ್ದಿ ತಿನ್ನುವ ನೂಡಲ್ಸ್

5 ಜನವರಿ 2025, ಭಾನುವಾರ. ಸಂಜೆ ಆರು.

ಬೆಳಿಗ್ಗೆ ಕಡ್ಡಿ ಒಂಬತ್ತು. ಈಗಲೂ ಒಂಬತ್ತು. ಹತ್ತನೆಯದರ ತುದಿ ತೂರಿತು, ಮುಂದೆ ಹೋಗಲಿಲ್ಲ.

ಡಾಕ್ಟ್ರಮ್ಮ ಬರೆದಿಡಲು ಹೇಳಿದ್ದು ಇಷ್ಟೇ — ದಿನಕ್ಕೆರಡು ಸಲ ಹಲ್ಲುಗಳ ನಡುವೆ ಎಷ್ಟು ಐಸ್‌ಕ್ರೀಂ ಕಡ್ಡಿ ಹಿಡಿಯಿತು, ಏನು ತಿಂದೆ, ಉರಿ ಎಷ್ಟಿತ್ತು. ಸರಿಯಾದ ಬಾಯಿಗೆ ಇಪ್ಪತ್ತರ ಮೇಲೆ ಹಿಡಿಯುತ್ತವಂತೆ. ನನ್ನದು ಹನ್ನೊಂದು ವರ್ಷ ಗುಟ್ಕಾ ಹಾಕಿದ ಬಾಯಿ. ಬಿಟ್ಟು ಹದಿನಾಲ್ಕು ತಿಂಗಳಾಯಿತು. ಕೆನ್ನೆಯ ಒಳಗೆ ಚಕ್ಕಳದ ಹಾಗೆ ಬಿಗಿದದ್ದು ಬಿಗಿದೇ ಇದೆ. ಅದು ಸಡಿಲವಾಗಲು ಪ್ರತಿ ಭಾನುವಾರ ಸೊರಬದಿಂದ ಶಿಕಾರಿಪುರಕ್ಕೆ ಬಸ್ಸು, ಎರಡೂ ಕೆನ್ನೆಗೆ ಒಂದೊಂದು ಇಂಜೆಕ್ಷನ್.

ಪುಸ್ತಕ ನನ್ನ ಝೆರಾಕ್ಸ್ ಅಂಗಡಿಯ ಡ್ರಾಯರ್‌ನಲ್ಲಿರುತ್ತದೆ, ಪಹಣಿ ಪ್ರಿಂಟ್ ತೆಗೆಯುವ ಪೇಪರಿನ ಕೆಳಗೆ. ಯಾರೂ ಓದುವುದಿಲ್ಲ. ಹಾಗಾಗಿ ಕಡ್ಡಿಗಿಂತ ಹೆಚ್ಚಿನದನ್ನೂ ಬರೆಯಬಹುದು.

ಇವತ್ತು ಬಾಯಿಯ ಜೋಮು ಇಳಿಯುವಷ್ಟರಲ್ಲಿ ಭಯಂಕರ ಹಸಿವು. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ. ಹಳೇ ರೈಸ್‌ಮಿಲ್ಲಿನ ಅಂಗಳಕ್ಕೆ ತಗಡಿನ ಶೀಟು ಹೊದಿಸಿ ಫುಡ್‌ಕೋರ್ಟ್ ಮಾಡಿದ್ದಾರೆ. ದೋಸೆ, ಗೋಬಿ, ಮೊಮೊ, ಮಂಡಕ್ಕಿ ಮಿರ್ಚಿ, ಜ್ಯೂಸು... ಸಾಲಾಗಿ ಹನ್ನೆರಡು ಅಂಗಡಿ. ಮೈಕಿನಲ್ಲಿ ಟೋಕನ್ ನಂಬರ್ ಕೂಗುತ್ತಲೇ ಇರುತ್ತಾರೆ. ನಾನು ಹೋಟೆಲಿನೊಳಗೆ ಕಾಲಿಟ್ಟು ಮೂರು ವರ್ಷ. ಗೇಟಿನಲ್ಲೇ ನಿಂತು ವಾಸನೆ ಕುಡಿದೆ.

ಕೊನೆಯ ಅಂಗಡಿಗೆ ಬೋರ್ಡು: ‘ರಾಮೆನ್. ಅದ್ದಿ ತಿನ್ನುವ ನೂಡಲ್ಸ್. ಶುದ್ಧ ಸಸ್ಯಾಹಾರಿ.’ ಅಲ್ಲಿ ಕೂತವರೆಲ್ಲ ಬಟ್ಟಲಿಗೆ ಮುಖ ಹಾಕಿ ಸುರ್ ಎಂದು ಎಳೆಯುತ್ತಿದ್ದರು. ಗಲ್ಲದ ಮೇಲೆ ಸಾರು. ಮೂಗು ಒರೆಸಿಕೊಳ್ಳುವವರು. ಯಾರೂ ಬಾಯಿ ಅಗಲಿಸುತ್ತಿಲ್ಲ, ಯಾರೂ ಇನ್ನೊಬ್ಬರ ಬಾಯಿ ನೋಡುತ್ತಿಲ್ಲ.

ಒಳಗೆ ಹೋದೆ.

ರಾಮೆನ್ ತಗೊಂಡೆ, ಸಾರಿನಲ್ಲೇ ಮುಳುಗಿಸಿ ಕೊಡುವ ನೂಡಲ್ಸ್. ನೂಡಲ್ಸ್ ಸಲೀಸಾಗಿ ಹೋಯಿತು — ಎಳೆ ಎಳೆಯಾಗಿ, ತಾನೇ ದಾರಿ ಹುಡುಕಿಕೊಂಡು. ಆದರೆ ಅದು ಮುಳುಗಿದ್ದ ಸಾರು ಖಾರ. ಕೆನ್ನೆಯ ಒಳಗೆ ಬೆಂಕಿ. ಕಣ್ಣಲ್ಲಿ ನೀರು. ಅರ್ಧಕ್ಕೇ ಬಿಟ್ಟೆ.

ಅಂಗಡಿಯವನು ಪ್ರದೀಪ್. ಆರು ವರ್ಷ ಚೆನ್ನೈ ಹತ್ತಿರ ಜಪಾನಿನವರು ಬರುವ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದನಂತೆ. ಬಟ್ಟಲು ತೆಗೆಯಲು ಬಂದವನು ನಿಂತ.

“ಖಾರ ಜಾಸ್ತಿ ಆತೇನ್ರಿ?”

“ಇಲ್ಲ. ಬಾಯಿ ಸರಿಯಿಲ್ಲ.”

ಒಂದು ಸಲ ಮುಖ ನೋಡಿದ. “ಗೊತ್ತಾತು ಬಿಡ್ರಿ. ನಮ್ಮಣ್ಣಂದೂ ಹಿಂಗೇ ಆಗಿತ್ತು. ಮುಂದಿನ ವಾರ ಅದ್ದಿ ತಿನ್ನೋದು ತಗೋರಿ. ನೂಡಲ್ಸು ಬ್ಯಾರೆ, ಸಾರು ಬ್ಯಾರೆ. ಎಷ್ಟು ಅದ್ದಬೇಕು ಅನ್ನೋದು ನಿಮ್ಮ ಕೈಯಾಗ ಇರ್ತತಿ.”

12 ಜನವರಿ, ಭಾನುವಾರ.

ಕಡ್ಡಿ ಒಂಬತ್ತು. ಪರವಾಗಿಲ್ಲ.

ಅದ್ದಿ ತಿನ್ನುವುದು ತಿಂದೆ. ಪೂರ್ತಿ. ಒಂದೆಳೆ ಬಿಡದೆ.

ತಣ್ಣೀರಿನಲ್ಲಿ ತೊಳೆದ ದಪ್ಪ ನೂಡಲ್ಸ್ ತಟ್ಟೆಯಲ್ಲಿ. ಚಿಕ್ಕ ಬಟ್ಟಲಿನಲ್ಲಿ ಗಟ್ಟಿ ಸಾರು — ಅಣಬೆ, ಸುಟ್ಟ ಈರುಳ್ಳಿ, ಎಳ್ಳು. ತಿನ್ನಲು ಕೊಡುವ ಜೋಡಿ ಕಡ್ಡಿಯಲ್ಲಿ ಎರಡು ಎಳೆ ಎತ್ತಿ, ತುದಿ ಮಾತ್ರ ಸಾರಿಗೆ ಮುಟ್ಟಿಸಿ, ಬಾಯಿಗೆ. ತುದಿಯಲ್ಲಿ ರುಚಿ, ಹಿಂದೆಯೇ ತಣ್ಣನೆಯ ಎಳೆ. ಉರಿ ಏಳುವ ಮೊದಲೇ ಆರಿಹೋಗುತ್ತದೆ. ಇದನ್ನು ಕಂಡುಹಿಡಿದವನಿಗೂ ನನ್ನಂಥದೇ ಬಾಯಿ ಇದ್ದಿರಬೇಕು.

ಮೂಲೆಯ ಟೇಬಲ್, ಗೋಡೆಗೆ ಮುಖ. ಸುರ್ ಎನ್ನಿಸಿದೆ. ಯಾರೂ ತಿರುಗಲಿಲ್ಲ. ಇನ್ನೊಮ್ಮೆ ಬೇಕೆಂದೇ ಜೋರಾಗಿ ಸುರ್ ಎನ್ನಿಸಿದೆ.

15 ಜನವರಿ, ಬುಧವಾರ. ಮಧ್ಯಾಹ್ನ.

ಕಡ್ಡಿ ಒಂಬತ್ತು. ಹಾಲನ್ನ, ಬಾಳೆಹಣ್ಣು.

ನಿನ್ನೆ ಸಂಕ್ರಾಂತಿ. ಸ್ಪಂದನ ಕಬ್ಬು ತಂದು ಕೊಟ್ಟಳು. ಆಮೇಲೆ ತಿನ್ನುತ್ತೇನೆ ಎಂದೆ. “ನೀನು ಯಾವಾಗಲೂ ಆಮೇಲೆನೇ,” ಎಂದಳು. ಏಳು ವರ್ಷದ ಮಗಳು ಹೇಳಿದ್ದರಲ್ಲಿ ತಪ್ಪೇನಿಲ್ಲ.

ಹೆಂಡತಿ ಶಾಲಿನಿ ಕೋಣೆಯ ಮೇಜಿನ ಮೇಲೆ ತಟ್ಟೆ ಇಟ್ಟು ಬಾಗಿಲು ಎಳೆದುಕೊಂಡು ಹೋಗುತ್ತಾಳೆ. ಮೂರು ವರ್ಷದಿಂದ ಹೀಗೆ. ಅವಳ ಅಣ್ಣನ ಗೃಹಪ್ರವೇಶದ ಪಂಕ್ತಿಯಲ್ಲಿ ತುತ್ತು ಒಳಗೆ ಹೋಗದೆ ಬೆರಳಿನಿಂದ ಒತ್ತಬೇಕಾಯಿತು. ಪಾಯಸ ಅಂಗಿಯ ಮೇಲೆಲ್ಲ ಇಳಿಯಿತು. ಎದುರಿಗೆ ಕೂತ ಮಕ್ಕಳು ನಕ್ಕವು. ಅವತ್ತೇ ಎದ್ದೆ. ಆಮೇಲೆ ಯಾರ ಜೊತೆಗೂ ಕೂರಲಿಲ್ಲ, ಮನೆಯವರ ಜೊತೆಗೂ.

ಫುಡ್‌ಕೋರ್ಟ್ ವಿಷಯ ಹೇಳಿಲ್ಲ. ಹೇಳುವಂಥದ್ದೇನಿದೆ...

19 ಜನವರಿ, ಭಾನುವಾರ.

ಕಡ್ಡಿ ಹತ್ತು!! ಎರಡು ಸಲ ಎಣಿಸಿದೆ.

ನೂಡಲ್ಸ್ ಕಾಲುಭಾಗ ಅದ್ದಿದೆ. ಉರಿ ಸ್ವಲ್ಪ. ಪ್ರದೀಪ್ ನನಗೆಂದೇ ಎಳೆಯನ್ನು ಇನ್ನೊಂದು ನಿಮಿಷ ಹೆಚ್ಚು ಬೇಯಿಸುತ್ತಾನಂತೆ. ಕೇಳಿರಲಿಲ್ಲ ನಾನು.

9 ಫೆಬ್ರವರಿ, ಭಾನುವಾರ. ಸಂಜೆ.

ಮೂರು ವಾರ ಬರೀ ಸಂಖ್ಯೆ ಬರೆದೆ. ಹತ್ತು, ಹತ್ತು, ಹನ್ನೊಂದು. ಇವತ್ತು ಬರೆಯಲೇಬೇಕು.

ಫುಡ್‌ಕೋರ್ಟಿನಲ್ಲಿ ಕಾಲಿಡಲು ಜಾಗವಿಲ್ಲ. ಕುರ್ಚಿಗಳ ಮೇಲೆ ಹೆಲ್ಮೆಟ್ಟು, ವ್ಯಾನಿಟಿ ಬ್ಯಾಗು, ಒಂದರ ಮೇಲೆ ಹೂಕೋಸು. ನನ್ನ ಟೋಕನ್ ಎಂಬತ್ತಾರು. ಗೋಡೆಯ ಕಡೆಯ ಮೂಲೆ ಹೋಗಿತ್ತು. ನಡು ಮಧ್ಯದ ಟೇಬಲ್ಲೇ ಸಿಕ್ಕಿತು. ತಲೆ ತಗ್ಗಿಸಿ ಶುರು ಮಾಡಿದೆ.

ಎದುರಿನ ಕುರ್ಚಿ ಎಳೆದ ಸದ್ದು. “ಏನ್ರಿ ಅಳಿಯಂದ್ರೆ, ಇಲ್ಲೆ?”

ಉಜ್ಜಪ್ಪ ಮಾವ. ಶಾಲಿನಿಯ ಚಿಕ್ಕಪ್ಪ, ಬಳ್ಳಿಗಾವಿಯವರು. ಪಂಪ್‌ಸೆಟ್ ರಿಪೇರಿಗೆ ಕೊಟ್ಟು ಹೊತ್ತು ಕಳೆಯಲು ಬಂದಿದ್ದರಂತೆ. ನನ್ನ ಬಾಯಿಂದ ನಾಲ್ಕು ಎಳೆ ಇಳಿಬಿದ್ದಿತ್ತು. ಒಳಗೂ ಹೋಗದು, ಹೊರಗೂ ಬಾರದು. ಕಣ್ಣಲ್ಲೇ ನಮಸ್ಕಾರ ಮಾಡಿದೆ.

“ಇದೇನ್ರಿ ಇದು, ಗಾಳಿಪಟದ ದಾರ ಇದ್ದಂಗೈತಿ.”

ನುಂಗಿದೆ. “ನೂಡಲ್ಸ್ ಮಾವ. ಸಾರಿಗೆ ಅದ್ದಿ ತಿನ್ನೋದು.”

“ಮೊಟ್ಟೆ ಗಿಟ್ಟೆ?”

“ಏನೂ ಇಲ್ಲ. ಅಣಬೆ, ಈರುಳ್ಳಿ ಅಷ್ಟೆ.”

ಎದ್ದು ಹೋಗಿ ಒಂದು ಪ್ಲೇಟು ತಂದೇಬಿಟ್ಟರು. ಜೋಡಿ ಕಡ್ಡಿಯಲ್ಲಿ ಎತ್ತಲು ಅರ್ಧ ನಿಮಿಷ ಹೆಣಗಿ, ಕಡ್ಡಿ ಬದಿಗಿಟ್ಟು ಕೈ ಹಾಕಿದರು. ಬಿಳಿ ಅಂಗಿಯ ಮುಂಭಾಗವೆಲ್ಲ ಸಾರು. “ಬಾಯಾಗ ಹೋಗಿದ್ದಕ್ಕಿಂತ ಅಂಗಿ ಉಂಡಿದ್ದೇ ಜಾಸ್ತಿ ನೋಡ್ರಿ,” ಎಂದು ತಾವೇ ನಕ್ಕರು. ಪಂಪ್‌ಸೆಟ್ಟಿನ ಕಥೆ ಹೇಳಿದರು. ಅಂಬ್ಲಿಗೊಳ ಡ್ಯಾಮಿನ ನೀರು ಈ ಸಲ ಚೆನ್ನಾಗಿದೆ ಎಂದರು. ನನ್ನ ಬಾಯಿಯ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಇಪ್ಪತ್ತು ನಿಮಿಷ ಎದುರುಬದುರು ಕೂತು ತಿಂದೆವು.

ಮನೆಯ ಕಡೆಯವರೊಬ್ಬರ ಜೊತೆ ಕೂತು ತಿಂದೆ ಎಂಬುದು ಬಸ್ಸು ಶಿರಾಳಕೊಪ್ಪ ದಾಟಿದ ಮೇಲೆ ಹೊಳೆಯಿತು.

11 ಫೆಬ್ರವರಿ, ಮಂಗಳವಾರ.

ಮಾವ ಶಾಲಿನಿಗೆ ಫೋನ್ ಮಾಡಿದ್ದಾರೆ. ತಮಾಷೆಗೆ. ‘ನಿನ್ನ ಗಂಡ ಏನು ಬಾರಿಸ್ತಾನವ್ವ ಆ ನೂಡಲ್ಸು’ ಎಂದರಂತೆ.

ಶಾಲಿನಿ ಮಧ್ಯಾಹ್ನ ಅಂಗಡಿಗೇ ಬಂದಳು. ಗಿರಾಕಿಗಳು ಹೋಗುವವರೆಗೆ ಕಾದಳು.

“ಎಷ್ಟು ವಾರದಿಂದ?”

“ಐದು... ಆರು.”

“ನನ್ನ ಮುಂದೆ ಒಂದು ತುತ್ತು ತಿನ್ನೋಕೆ ಆಗಲ್ಲ ನಿಮಗೆ. ಊರವರ ಮುಂದೆ ಆಗುತ್ತೆ.”

“ಅಲ್ಲಿ ನನ್ನ ಯಾರೂ ನೋಡಲ್ಲ ಶಾಲಿನಿ.”

“ನಾನು ನೋಡಿದ್ರೆ ಏನಾಗುತ್ತೆ?”

ಪ್ರಿಂಟರ್ ಶಬ್ದ ಮಾಡುತ್ತಿತ್ತು. ಬಂದ ಹಾಳೆಗಳನ್ನು ಜೋಡಿಸುತ್ತಾ ನಿಂತೆ. ಅವಳು ಹೋದಳು.

ಉತ್ತರ ಇಲ್ಲಿ ಬರೆಯುತ್ತೇನೆ. ಮದುವೆಯ ವಾರವೇ ಅವಳಿಗೆ ಮಾತು ಕೊಟ್ಟಿದ್ದೆ, ಗುಟ್ಕಾ ಬಿಟ್ಟೆ ಎಂದು. ಆಮೇಲೆಯೂ ವರ್ಷಗಟ್ಟಲೆ ಯುಪಿಎಸ್ ಹಿಂದೆ ಪ್ಯಾಕೆಟ್ ಬಚ್ಚಿಟ್ಟೆ. ಕೇಳಿದಾಗೆಲ್ಲ ಇಲ್ಲ ಎಂದೆ. ಅವಳು ನನ್ನ ಬಾಯಿ ನೋಡಿದರೆ ಆ ಸುಳ್ಳೆಲ್ಲ ಎದುರಿಗೆ ಬಂದು ಕೂರುತ್ತದೆ. ಮಕ್ಕಳು ನಕ್ಕಿದ್ದು ಬರೀ ನೆಪ.

13 ಫೆಬ್ರವರಿ.

ಕಡ್ಡಿ ಹಾಕಲಿಲ್ಲ.

ತಟ್ಟೆ ಇಡುತ್ತಾಳೆ. ಬಾಗಿಲು ಎಳೆಯುತ್ತಾಳೆ. ಮೇಲೆ ಬರೆದದ್ದನ್ನೇ ನಿನ್ನೆ ಬಾಗಿಲಾಚೆಯಿಂದ ಹೇಳಿಬಿಟ್ಟೆ. ಯುಪಿಎಸ್ ಹಿಂದಿನದೂ. ಆ ಕಡೆಯಿಂದ ಸದ್ದೇ ಇಲ್ಲ. ಕೇಳಿಸಿಕೊಂಡಳೋ, ಹಿತ್ತಲಿಗೆ ಹೋಗಿದ್ದಳೋ.

16 ಫೆಬ್ರವರಿ, ಭಾನುವಾರ. ರಾತ್ರಿ ಎಂಟು.

ಬೆಳಿಗ್ಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಶಾಲಿನಿ ಒಳ್ಳೆಯ ಸೀರೆ ಉಟ್ಟು ಹೊರಗೆ ಬಂದಳು. ಸ್ಪಂದನ ಹೊಸ ಫ್ರಾಕಿನಲ್ಲಿ.

“ಯುಪಿಎಸ್ ಹಿಂದಿನದು ನಂಗೆ ಆವಾಗ್ಲೇ ಗೊತ್ತಿತ್ತು,” ಎಂದಳು. “ನೀವಾಗೇ ಹೇಳ್ಲಿ ಅಂತ ಕಾಯ್ತಿದ್ದೆ. ನಡೀರಿ, ಬಸ್ಸು ಹೋಗುತ್ತೆ.”

ಬಸ್ಸಿನಲ್ಲಿ ಸ್ಪಂದನ ಕಿಟಕಿಯಲ್ಲಿ ದನ ಎಣಿಸಿದಳು.

ಫುಡ್‌ಕೋರ್ಟ್ ಇವತ್ತು ಮದುವೆ ಮನೆಯ ಹಾಗೆ. ಟೋಕನ್ ನೂರ ಹನ್ನೆರಡು. ಕಾಲೇಜು ಹುಡುಗಿಯರಿಬ್ಬರು ಸರಿದು ಜಾಗ ಕೊಟ್ಟರು. ಮೂರು ತಟ್ಟೆ, ಮೂರು ಬಟ್ಟಲು ಬಂದವು. ಹೆಂಡತಿ ಎದುರಿಗೆ, ಮಗಳು ಪಕ್ಕದಲ್ಲಿ. ಎರಡೇ ಎಳೆ ಎತ್ತಿದೆ. ಅದ್ದಿದೆ. ಅರ್ಧ ಹೋಯಿತು, ಅರ್ಧ ತುಟಿಯ ಮೂಲೆಯಲ್ಲಿ ಸಿಕ್ಕಿಕೊಂಡಿತು. ಸಾರು ಗಲ್ಲಕ್ಕಿಳಿಯಿತು. ಅದೇ, ಅವತ್ತಿನ ಹಾಗೇ. ಕರ್ಚೀಫು ಯಾವ ಜೇಬಿನಲ್ಲಿದೆಯೋ ಸಿಗುತ್ತಿಲ್ಲ.

ಫಟ್ ಎಂದು ಸದ್ದಾಯಿತು. ಶಾಲಿನಿ ಎತ್ತಿದ ಎಳೆ ಕಡ್ಡಿಯಿಂದ ಜಾರಿ ಬೀಸಿಕೊಂಡು ಬಂದು ಅವಳ ಕನ್ನಡಕಕ್ಕೇ ಹೊಡೆದಿತ್ತು. ಒಂದು ಗಾಜಿನ ಮೇಲೆ ಪೂರ್ತಿ ಸಾರು. ಸ್ಪಂದನ ಬಿಕ್ಕಳಿಕೆ ಬರುವಷ್ಟು ನಕ್ಕಳು. ಹುಡುಗಿಯರೂ ನಕ್ಕರು. ಶಾಲಿನಿ ಕನ್ನಡಕ ತೆಗೆದು ನೋಡಿ ತಾನೂ ನಕ್ಕಳು.

“ಅಮ್ಮಂಗೆ ತಿನ್ನೋಕೇ ಬರಲ್ಲ. ಅಪ್ಪ, ನೀನು ಹೇಳ್ಕೊಡು.”

ಹೇಳಿಕೊಟ್ಟೆ. ಕೆಳಗಿನ ಕಡ್ಡಿ ಅಲುಗಬಾರದು, ಮೇಲಿನದು ಮಾತ್ರ. ಜಾಸ್ತಿ ಎತ್ತಬೇಡ, ಎರಡೇ ಎಳೆ. ಬಟ್ಟಲಿಗೆ ಬಾಗು, ಎಳೆ. ಸದ್ದು ಬರಲಿ, ನಾಚಿಕೊಳ್ಳಬೇಡ.

ನಾನು ಒಬ್ಬರಿಗೆ ತಿನ್ನುವುದನ್ನು ಹೇಳಿಕೊಟ್ಟೆ.

ಗಲ್ಲ ಯಾವಾಗ ಒರೆಸಿಕೊಂಡೆನೋ ನೆನಪಿಲ್ಲ. ಒರೆಸಿಕೊಂಡೆನೋ ಇಲ್ಲವೋ. ಸ್ಪಂದನ ತನ್ನದು ಮುಗಿಸಿ ನನ್ನ ತಟ್ಟೆಗೆ ಕೈ ಹಾಕಿದಳು.

ಅವಳು ಕೈ ತೊಳೆಯಲು ಓಡಿದಾಗ ಶಾಲಿನಿ ಬಟ್ಟಲು ನೋಡುತ್ತಾ ಹೇಳಿದಳು. “ಮೂರು ವರ್ಷ ಆಯ್ತು, ನಾನೂ ಕೂತು ಉಂಡಿಲ್ಲ. ಅವಳಿಗೆ ಉಣಿಸಿ, ನಿಮ್ಮ ತಟ್ಟೆ ಇಟ್ಟು, ಅಡುಗೆಮನೇಲಿ ನಿಂತ್ಕೊಂಡೇ ತಿಂತೀನಿ. ಒಬ್ಳೇ ಕೂತ್ರೆ ಇಳಿಯಲ್ಲ.”

ಗೊತ್ತಿರಲಿಲ್ಲ. ಬಾಗಿಲು ಎಳೆದ ಮೇಲೆ ಆ ಕಡೆ ಏನಾಗುತ್ತದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ಮೈಕಿನಲ್ಲಿ ನೂರ ಮೂವತ್ತು ಕೂಗುತ್ತಿದ್ದರು. “ಇನ್ನೊಂದು ಪ್ಲೇಟ್ ತಗೊಳ್ಳಾಣ?” ಎಂದೆ. “ಒಂದೇ. ಇಬ್ಬರಿಗೂ ಸೇರಿ,” ಎಂದಳು.

23 ಫೆಬ್ರವರಿ, ಭಾನುವಾರ.

ಕಡ್ಡಿ ಹನ್ನೆರಡು. ಡಾಕ್ಟ್ರಮ್ಮ ಖುಷಿಯಾಗಿ, ಇನ್ನು ಹದಿನೈದು ದಿನಕ್ಕೊಮ್ಮೆ ಬಂದರೆ ಸಾಕು ಎಂದರು. ಪೂರ್ತಿ ಮೊದಲಿನ ಹಾಗೆ ಆಗುವುದು ಕಷ್ಟ ಎಂಬುದನ್ನೂ ಹೇಳಿದರು. ಕೇಳಿ ಬೇಜಾರಾಗಬೇಕಿತ್ತು. ಆಗಲಿಲ್ಲ.

ಪ್ರದೀಪ್ ಕೇಳಿದ, “ಮುಂದಿನ ಭಾನುವಾರ ಬರಂಗಿಲ್ಲೇನ್ರಿ ಹಂಗಾರೆ?” ಶಾಲಿನಿ ಅವನ ಹತ್ತಿರ ನೂಡಲ್ಸ್ ಬೇಯಿಸುವುದು, ತೊಳೆಯುವುದು ಎಲ್ಲ ವಿಚಾರಿಸುತ್ತಿದ್ದಳು. ಬಸ್ಸಿನಲ್ಲಿ ಇದ್ದಕ್ಕಿದ್ದಂತೆ, “ಒತ್ತು ಶ್ಯಾವಿಗೆ ಕೂಡ ಎಳೆಯೇ ಅಲ್ವಾ?” ಎಂದಳು. “ಕಾಯಿಹಾಲಲ್ಲಿ ಖಾರವೂ ಇರಲ್ಲ.”

2 ಮಾರ್ಚ್, ಭಾನುವಾರ. ಮಧ್ಯಾಹ್ನ ಹನ್ನೆರಡೂವರೆ. ಮನೆ.

ಕಡ್ಡಿ — ಮರೆತೆ. ಸಂಜೆ ನೋಡೋಣ.

ಪಕ್ಕದ ಮನೆ ತುಂಗಮ್ಮನವರ ಶ್ಯಾವಿಗೆ ಒತ್ತು ಬಂದಿದೆ. ಅಡುಗೆಮನೆಯಲ್ಲಿ ಅಕ್ಕಿಹಿಟ್ಟಿನ ಉಂಡೆ ಬೇಯುತ್ತಿದೆ, ಕಾಯಿಹಾಲಿಗೆ ಏಲಕ್ಕಿ ಬಿದ್ದ ವಾಸನೆ ಕೋಣೆಯವರೆಗೂ ಬಂತು. ಒತ್ತು ತಿರುಗಿಸುವುದು ನನ್ನ ಕೆಲಸವಂತೆ. ಹಿಟ್ಟು ಬಿಸಿ ಇರುವಾಗಲೇ ಒತ್ತಬೇಕು, ಕರೆದ ಕೂಡಲೇ ಬರಬೇಕು ಎಂದು ತಾಕೀತಾಗಿದೆ.

ನಡುಮನೆಯಲ್ಲಿ ಸ್ಪಂದನ ಚಾಪೆ ಹಾಸುತ್ತಿದ್ದಾಳೆ. “ಅಪ್ಪ, ನೀನು ನನ್ನ ಪಕ್ಕನಾ, ಎದುರಿಗಾ?”

ಎದುರಿಗೆ, ಎಂದೆ.

ಶಾಲಿನಿ ಕರೆದಳು. ಎರಡನೇ ಸಲ ಕರೆಯುತ್ತಿದ್ದಾಳೆ. ಉಂಡೆ ಆರಿ—