ಜಿರಳೆ ಔಷಧಿಗೆ ಐದು ಜನ

ವೈಟ್‌ಫೀಲ್ಡ್
ಗುರುವಾರ

ಪ್ರೀತಿಯ ಈಶ್ವರಕ್ಕನಿಗೆ, ಕೆಳಗಿನ ಮನೆಯ ಶೈಲಜಾ ಮಾಡುವ ನಮಸ್ಕಾರ.

ಫೋನ್ ಮಾಡಿದರೆ ಎತ್ತುವುದಿಲ್ಲ. ಲಿಫ್ಟಿನಲ್ಲಿ ನಾನು ಸಿಕ್ಕೇನೆಂದು ಆ ಮೊಣಕಾಲು ನೋವಿನಲ್ಲೂ ಮೆಟ್ಟಿಲು ಹತ್ತುತ್ತೀರಂತೆ. ಡಬ್ಬಿ ಖಾಲಿ ವಾಪಸ್ ಕೊಡಬಾರದಲ್ಲ, ಅದಕ್ಕೇ ನಿಮ್ಮ ಒಬ್ಬಟ್ಟಿನ ಡಬ್ಬಿಯಲ್ಲಿ ಸಕ್ಕರೆ ಪೊಟ್ಟಣ, ಅದರ ಮೇಲೆ ಈ ಕಾಗದ ಇಟ್ಟಿದ್ದೇನೆ.

ಅಷ್ಟಕ್ಕೂ ನೀವೇನು ಕೊಲೆ ಮಾಡಿದಿರಾ? ನನ್ನ ಮಗಳು ನಂದಿತಾಳನ್ನು ನೋಡಲು ಗಂಡಿನವರು ಬರುವ ದಿನ, ನಾನು ಸೀರೆ ಉಡುತ್ತಿದ್ದೆ. ಗೇಟಿನಿಂದ ಬಂದ ಇಂಟರ್‌ಕಾಮ್ ನನ್ನ ಸಹಾಯಕ್ಕೆಂದು ನಮ್ಮ ಮನೆಗೆ ಬಂದಿದ್ದ ನೀವು ಎತ್ತಿದಿರಿ. ಸೆಕ್ಯೂರಿಟಿಯವನು ಕೊಟ್ರೇಶ್ ಎಂದದ್ದು ನಿಮಗೆ ಪೆಸ್ಟ್ ಕಂಟ್ರೋಲ್ ಎಂದು ಕೇಳಿಸಿತು. “ಜಿರಳೆಗೆ ಔಷಧಿ ಹೊಡೆಯಾಕೆ ಐದು ಜನ ಬೇಕೇನಪ್ಪ? ಇವತ್ತು ಉಡ್ಗೀನ ನೋಡಾಕೆ ದೊಡ್ಡೋರು ಬತ್ತಾವ್ರೆ, ಇವ್ರನ್ನ ವಾಪಸ್ ಕಳಿಸ್ಬುಡು” ಎಂದಿರಿ. ಆ ಪುಣ್ಯಾತ್ಮ ಒಂದಕ್ಷರ ಬಿಡದೆ ಗಂಡಿನ ತಂದೆ ಕೊಟ್ರೇಶಪ್ಪನವರಿಗೆ ಒಪ್ಪಿಸಿದ. ಅವರು ಅಲ್ಲಿಂದಲೇ ಕಾರು ತಿರುಗಿಸಿ, ಮಾರತ್ತಹಳ್ಳಿ ಟ್ರಾಫಿಕ್ಕಿನಲ್ಲಿ ಕೂತು, ಸಂಬಂಧ ಬೇಡವೆಂದು ಮೆಸೇಜ್ ಹಾಕಿದರು.

ನಾನು ಅವತ್ತು ಅತ್ತೆ, ನಿಜ. ಆದರೆ ನಂದಿತಾ ಬಿದ್ದು ಬಿದ್ದು ನಕ್ಕಳು. “ಅಮ್ಮಾ, ಇಷ್ಟಕ್ಕೇ ಮುನಿಸ್ಕೊಳ್ಳೋರ ಮನೇಲಿ ನಾನು ಬಾಳ್ತಿದ್ನಾ?” ಎಂದಳು.

ನೀವು ಮಾತ್ರ ಕಿವಿ ಡಾಕ್ಟರ ಹತ್ತಿರ ಹೋಗಿಬಂದಿರಂತೆ. ಕಿವಿ ಚೆನ್ನಾಗಿದೆ ಎಂದರೂ ಸಮಾಧಾನವಿಲ್ಲವಂತೆ. ನಿಮಗೆ ನೀವೇ ಶಿಕ್ಷೆ ಕೊಟ್ಟುಕೊಂಡು ಕಾಫಿ ಬಿಟ್ಟಿದ್ದೀರಿ. ಒಲೆಯ ಮೇಲೆ ಡಿಕಾಕ್ಷನ್ನೇ ಇಲ್ಲವೆಂದು ನಿಮ್ಮ ಯಜಮಾನರು ಲಕ್ಷ್ಮಣಪ್ಪನವರು ದಿನಾ ನಮ್ಮ ಸೋಫಾದಲ್ಲಿ ಕೂತಿರುತ್ತಾರೆ. ಪ್ರಾಯಶ್ಚಿತ್ತಕ್ಕೆಂದು ನೀವು ವಾರವಾರ ಕಳಿಸುವ ಒಬ್ಬಟ್ಟಿನಿಂದ ನಮ್ಮ ಮನೆಯವರ ಶುಗರ್ ಏರಿದೆ. ನಾವೆಲ್ಲ ಕ್ಷಮಿಸಿಯಾಯಿತು ಅಕ್ಕಾ. ನಿಮ್ಮನ್ನು ನೀವೂ ಕ್ಷಮಿಸಿಕೊಳ್ಳಿ, ಇಲ್ಲದಿದ್ದರೆ ಎರಡು ಮನೆಯ ಗಂಡಸರೂ ಕೈಬಿಟ್ಟು ಹೋಗುತ್ತಾರೆ.

ಭಾನುವಾರ ಇನ್ನೊಂದು ಕಡೆಯವರು ಬರುತ್ತಿದ್ದಾರೆ. ನೀವಿಲ್ಲದೆ ನನಗೆ ಕೈಕಾಲು ಆಡುವುದಿಲ್ಲ. ನೀವಿಲ್ಲದ ಮನೆ ಬೇಜಾರು ಅಕ್ಕಾ, ಬನ್ನಿ.

ನಿಮ್ಮ ದಾರಿ ಕಾಯುವ,
ಶೈಲಜಾ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಡಾಕ್ಟರು ಹೇಳಿದ್ದು ಸರಿ, ನಿಮ್ಮ ಕಿವಿಗೆ ಏನೂ ಆಗಿಲ್ಲ. ಸೆಕ್ಯೂರಿಟಿಯವನು ಪೆಸ್ಟ್ ಕಂಟ್ರೋಲ್ ಎಂದೇ ಹೇಳಿದ್ದ. ಬರುವವರು ಯಾರೆಂದು ಮೊದಲೇ ತಿಳಿಸುವ ಗೇಟಿನ ಆ್ಯಪಿನಲ್ಲಿ ಕನ್ನಡಕವಿಲ್ಲದೆ ‘ಅತಿಥಿ’ ಬಿಟ್ಟು ‘ಪೆಸ್ಟ್ ಕಂಟ್ರೋಲ್’ ಒತ್ತಿದವಳು ನಾನು. ಅವತ್ತು ಸಂಜೆ ಕನ್ನಡಕ ಹಾಕಿ ನೋಡಿದಾಗಲೇ ಗೊತ್ತಾಯಿತು. ಹೇಳಿಬಿಡೋಣ ಎನ್ನುವಷ್ಟರಲ್ಲಿ ಒಬ್ಬಟ್ಟು ಬರತೊಡಗಿತು. ನಿಮ್ಮನ್ನು ಕ್ಷಮಿಸುವುದು ನನಗೆ ಅಷ್ಟು ಸುಲಭವಾದದ್ದು ಹೇಗೆಂದು ಈಗ ತಿಳಿಯಿತಲ್ಲ? ನನ್ನನ್ನು ನಾನು ಕ್ಷಮಿಸಿಕೊಳ್ಳುವುದೇ ಆಗುತ್ತಿಲ್ಲ. ಬಂದು ಚೆನ್ನಾಗಿ ಬೈದು, ನನ್ನ ಕೈಯ ಒಂದು ಲೋಟ ಕಾಫಿ ಕುಡಿಯಿರಿ. ಭಾನುವಾರ ಇಂಟರ್‌ಕಾಮ್ ನೀವೇ ಎತ್ತಿ, ಆ್ಯಪನ್ನು ನಾನು ಮುಟ್ಟುವುದಿಲ್ಲ.