ಬಾಗಿಲ ಮುಂದಿನ ನೀರು ನಮ್ಮದಲ್ಲ

ಕೆಳಗಿನ ಓಣಿಯ ಮನೆಯಿಂದ,
೧೫-೧೦-೧೯೮೬

ಪ್ರೀತಿಯ ಅಪ್ಪಾ,

ನಿನ್ನ ಕೆಮ್ಮು ಹೇಗಿದೆ? ಅಳ್ನಾವರದ ಕಾಡಿನ ತಂಪಿನಲ್ಲಿ ರೈಲ್ವೆ ಗ್ಯಾಂಗ್‌ಮನ್ ಡ್ಯೂಟಿಗೆ ಹೋಗುವಾಗ ಕಿವಿಗೆ ಮಫ್ಲರ್ ಕಟ್ಟಿಕೊಳ್ಳುತ್ತೀಯೋ ಇಲ್ಲವೋ? ಅವ್ವ ದಿನಾ ಕೇಳುತ್ತಾಳೆ. ನಾನು ದಸರಾ ರಜೆಗೆ ಹಾಸ್ಟೆಲಿನಿಂದ ಬಂದಿದ್ದೇನೆ. ಕಾಲೇಜಿನಲ್ಲಿ ಫಿಜಿಕ್ಸ್ ಇಂಗ್ಲಿಷಿನಲ್ಲಿ ಹೇಳುತ್ತಾರೆ, ಅರ್ಧವೇ ತಲೆಗೆ ಹೋಗುತ್ತದೆ, ಫೇಲಾದರೆ ಹೇಗೆಂಬ ಹೆದರಿಕೆ. ಇರಲಿ, ಈಗ ಹೆದರಿಕೆಗಿಂತ ಸಿಟ್ಟೇ ಹೆಚ್ಚಾಗಿದೆ.

ಬಚ್ಚಲ ನೀರು ಓಣಿಗೆ ಬಿಟ್ಟವರ ನಳ ಕಟ್ ಮಾಡುತ್ತೇವೆಂದು ಪುರಸಭೆಯವರು ಡಂಗುರ ಸಾರಿಸಿದ್ದಾರೆ. ರೂಲ್ ಒಳ್ಳೆಯದೇ. ಅವ್ವ ಅಂದಿನಿಂದ ಬಚ್ಚಲ ನೀರನ್ನು ಬಕೆಟ್ಟಿನಲ್ಲಿ ತುಂಬಿ ಹಿತ್ತಲಿನ ನುಗ್ಗೆ ಗಿಡಕ್ಕೆ ಹೊರುತ್ತಿದ್ದಾಳೆ. ಆದರೂ ನಮ್ಮ ಬಾಗಿಲ ಮುಂದೆ ಕರೀ ನೀರು ನಿಂತೇ ಇದೆ. ಯಾರದು? ಮೇಲಿನ ಮನೆಯ ಸಾವಕಾರ ಮಡಿವಾಳೆಪ್ಪನವರದು! ಅವರ ಬಚ್ಚಲದ್ದು, ದನದ ಮನೆಯದ್ದು, ಎಲ್ಲ ಒಂದೇ ಪೈಪಿನಲ್ಲಿ ನಮ್ಮ ಗೋಡೆಯ ಬಾಜು ಬಂದು ಬೀಳುತ್ತದೆ. ರಂಗೋಲಿ ಹಾಕಲು ಅಂಗಳವೇ ಇಲ್ಲದೆ ಅವ್ವ ಹೊಸ್ತಿಲ ಒಳಗೆ ಎರಡು ಗೆರೆ ಎಳೆಯುತ್ತಾಳೆ.

ನಿನ್ನೆ ಪುರಸಭೆಯ ಇನ್ಸ್‌ಪೆಕ್ಟರ್ ಬಂದ. ಯಾರ ಬಾಗಿಲ ಮುಂದೆ ನೀರಿದೆಯೋ ಅವರದೇ ತಪ್ಪಂತೆ. ಸೋಮವಾರ ನಮ್ಮ ನಳ ಕಟ್ ಅಂತೆ. ನಾನು ಧೈರ್ಯ ಮಾಡಿ, “ಸರ್, ಪ್ಲೀಸ್ ಸೀ ದಿ ಪೈಪ್” ಎಂದೆ. ಕಟ್ಟೆಯ ಮೇಲೆ ಕೂತಿದ್ದ ಮಡಿವಾಳೆಪ್ಪನವರು ನಕ್ಕರು: “ಏನವಾ, ನೀ ಇಂಗ್ಲಿಷ್ ಕಲ್ತಿ ಅಂತ ನೀರು ಮ್ಯಾಲಕ್ಕ ಹರೀತೈತೇನು?” ಇನ್ಸ್‌ಪೆಕ್ಟರನೂ ನಕ್ಕ. ಆಮೇಲೆ ಸಾವಕಾರರು ಹೇಳಿದ್ದು ಕೇಳು: “ಪೈಪ್ ಹಾಕೂಮುಂದ ನಿಮ್ಮಪ್ಪ ಕನಕಪ್ಪನ್ನ ಕೇಳೇ ಹಾಕೀನಿ. ಹಾಕ್ಕೋರಿ ಸಾವಕಾರ್ರ, ಅಂದಾನ.”

ಹೌದೇನಪ್ಪಾ? ಅವ್ವನನ್ನು ಕೇಳಿದೆ. ಒಲೆಯ ಕಡೆ ಮುಖ ಮಾಡಿ, “ಹಿರ್ಯಾರು ಬಾಗ್ಲಿಗೆ ಬಂದು ಕೇಳಿದ್ರು. ಇಲ್ಲ ಅನ್ನಾಕ ನಿಮ್ಮಪ್ಪಗ ಬಾಯಿ ಬರಲಿಲ್ಲ” ಎಂದಳು. ನೀನು ಹೂಂ ಎಂದು ಅಳ್ನಾವರಕ್ಕೆ ಹೋದೆ. ಆ ಹೊಲಸು ತುಳಿಯುತ್ತಿರುವವಳು ಅವ್ವ. ನಳ ಹೋದರೆ ಕುಡಿಯುವ ನೀರಿಗೆ ಅದೇ ಮಡಿವಾಳೆಪ್ಪನವರ ಬಾವಿಗೆ ಕೊಡ ಹಿಡಿದು ಹೋಗಿ ನಿಲ್ಲಬೇಕು, ನೆನಪಿರಲಿ. ಅಪ್ಪನಿಗೆ ಹೀಗೆ ಬರೆಯಬಾರದು, ಗೊತ್ತು. ಆದರೂ ಬರೆದದ್ದನ್ನು ಹೊಡೆದುಹಾಕುವುದಿಲ್ಲ.

ಆಯಿ ತನ್ನ ಮಗನಿಗೆ ಆಶೀರ್ವಾದ ತಿಳಿಸಲು ಹೇಳಿದ್ದಾಳೆ. ಕೆಮ್ಮಿಗೆ ಶುಂಠಿ ಕಷಾಯ ಕುಡಿ.

ನಿನ್ನ ಮಗಳು,
ಮಾದೇವಿ

ತಾ.ಕ.: ಅಂಚೆ ಡಬ್ಬಿಯ ತನಕ ಹೋದವಳು ಗದ್ದಲ ಕೇಳಿ ವಾಪಸ್ ಬಂದೆ. ಅವ್ವ ಆ ಪೈಪಿನ ಬಾಯಿಗೆ ನಿನ್ನ ಹಳೇ ಕಂಬಳಿ ತುರುಕಿ, ಎರೆಮಣ್ಣು ಮೆತ್ತಿ, ಒರಳುಕಲ್ಲು ಒರಗಿಸಿದ್ದಾಳೆ. ಮೇಲಿನ ಮನೆಯ ಬಚ್ಚಲು ತುಂಬಿ ಪಡಸಾಲೆಗೆ ಹರಿದಿದೆಯಂತೆ. ನೀರು ಮ್ಯಾಲಕ್ಕ ಹರಿಯಾಕತ್ತೈತಿ ಅಪ್ಪಾ! ರವಿವಾರ ಇದರ ನ್ಯಾಯಕ್ಕೆ ಓಣಿಯ ಹಿರಿಯರು ಕೂಡುತ್ತಾರೆ. ಅವ್ವ ಒಬ್ಬಳೇ ಆಗುತ್ತಾಳೆ, ಬಾ. ಕಂಬಳಿ ತೆಗೆ ಎಂದು ಅವಳಿಗೆ ಹೇಳಲು ಬರುವುದಾದರೆ ಮಾತ್ರ ಬರಬೇಡ.