ಓದಿ ಹೇಳಿ ಹಾಕಿಸಿದ ಸಹಿ

ಅಕ್ಕ,

ನೀನು ಹೋಗಿ ಮೂರು ವರ್ಷವಾದ್ರೂ ಇದನ್ನ ಮೊದಲು ನಿನಗೇ ಹೇಳ್ಬೇಕು ಅನ್ನಿಸ್ತು. ಉಪ್ಪಾರಹಳ್ಳಿ ಮನೆ ಇವತ್ತು ನನ್ನ ಹೆಸರಿಗೆ ರಿಜಿಸ್ಟರ್ ಆಯ್ತು ಕಣಕ್ಕ. ಇರೋದು ಎರಡೇ ರೂಮು, ಆದ್ರೆ ಇನ್ಮೇಲೆ ಬಾಡಿಗೆ ಮನೆ ಕಾಟ ಇಲ್ಲ. ಅಡುಗೆಮನೆ ಕಿಟಕಿ ದೊಡ್ಡದಿದೆ. ನೀನಿದ್ದಿದ್ರೆ ಮೊದಲು ಅದನ್ನೇ ನೋಡ್ತಿದ್ದೆ.

ನಾಲ್ಕು ತಿಂಗಳು ಸತಾಯಿಸಿದ ಲಾಯರ್ ಷಡಕ್ಷರಪ್ಪನ್ನ ಎಷ್ಟು ಬೈಕೊಂಡಿದ್ದೀನೋ ಲೆಕ್ಕ ಇಲ್ಲ. ಫೋನ್ ಮಾಡಿದಾಗಲೆಲ್ಲ ಒಂದೇ ಮಾತು: "ಮನೆ ಮಾರೋರ ತಂಗಿ ಕುಣಿಗಲ್‌ನಲ್ಲವ್ರೆ. ಅವರದೂ ಪಾಲಿದೆ, ಅವರು ಬರ್ಲಿ." ನಾನೇ ಪೇಪರ್ ತಗೊಂಡೋಗಿ ಸಹಿ ಹಾಕಿಸ್ಕೊಂಡು ಬರ್ತೀನಿ ಅಂದ್ರೆ, "ಓದಿ ಹೇಳದೆ ಯಾರ ಸಹಿನೂ ತಗೊಳ್ಳಲ್ಲ ಕಣ್ರೀ" ಅಂದ್ರು. ಒಂದು ಸಹಿಗೆ ಇಷ್ಟೊಂದು ನಾಟಕವಾ ಅಂತ ರೇಗಿದ್ದೆ.

ಇವತ್ತು ಆ ತಂಗಿ ಶಿವರುದ್ರಮ್ಮ ಬಂದ್ರು. ಲಾಯರ್ ಅವರನ್ನ ಫ್ಯಾನ್ ಕೆಳಗೆ ಕೂರಿಸಿ, ಒಂದೊಂದು ಸಾಲೂ ಓದಿ ಅರ್ಥ ಹೇಳಿದ್ರು. "ಇಷ್ಟ ಇಲ್ದಿದ್ರೆ ಹಾಕ್ಬೇಡಿ ತಾಯಿ" ಅಂತನೂ ಅಂದ್ರು. ಆಯಮ್ಮ ಸ್ವಲ್ಪ ಹೊತ್ತು ಯೋಚನೆ ಮಾಡಿ, ಆಮೇಲೆ ನಗ್ತಾ ಸಹಿ ಹಾಕಿದ್ರು. ಖುಷಿಗೆ ಎಲ್ರಿಗೂ ಮೈಸೂರ್‌ಪಾಕ್ ಹಂಚಿದೆ. ಷಡಕ್ಷರಪ್ಪನಿಗೆ ಎರಡು ಕೊಟ್ಟೆ.

ನಿನ್ನ ಪಾಲೂ ಇದ್ದ ಅಪ್ಪನ ಗೂಳೂರಿನ ಜಮೀನನ್ನ ನನ್ನ ಹೆಸರಿಗೆ ಮಾಡಿಸ್ಕೊಳ್ಳೋಕೆ ನಾನು ಪೇಪರ್ ಹಿಡ್ಕೊಂಡು ಗುಬ್ಬಿಗೆ ನಿಮ್ಮನೆಗೆ ಬಂದ ದಿನ, ನೀನು ಒಲೆ ಮೇಲೆ ಹಾಲಿಟ್ಟಿದ್ದೆ. ಸೆರಗಿಗೆ ಕೈ ಒರೆಸ್ಕೊಂಡು ಬಂದು, "ಎಲ್ಲಿ ಹಾಕ್ಬೇಕು ತೋರ್ಸೋ" ಅಂದೆ.

ತೋರಿಸ್ದೆ.